ಬ್ಲಾಗ್ ಬರೆದರೆ ಮನೆ ಖರ್ಚಿಗೆ ಆಗುತ್ತಾ? ದಾವಣಗೆರೆ–ಚಿತ್ರದುರ್ಗದವರ ಪ್ರಶ್ನೆ, ವೆಬ್‌ಸೈಟ್ ಮೇಡಂ ಉತ್ತರ

ಅಡ್ಮಿನ್: ಈ ವಾರ ಉತ್ತರ ಕೊಡುತ್ತಿರುವವರು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಮೇಡಂ. ಗುಂಪಿನಲ್ಲಿ ಹೆಚ್ಚಿನವರು ಮನೆಯಿಂದಲೇ ಏನಾದರೂ ಮಾಡಬೇಕು ಅನ್ನುವವರು. ಬ್ಲಾಗ್ ಬಗ್ಗೆ ಮಾತ್ರ ಕೇಳಿ. ಯೂಟ್ಯೂಬ್ ಇನ್ನೊಂದು ವಾರಕ್ಕೆ ಇರಲಿ.

ಪ್ರಶ್ನೆ (ನಿಟುವಳ್ಳಿ): ಮೇಡಂ, ಮಕ್ಕಳು ಸ್ಕೂಲಿಗೆ ಹೋದ ಮೇಲೆ ನನಗೆ ಮೂರು ಗಂಟೆ ಬಿಡುವು ಸಿಗುತ್ತೆ. ಅಡುಗೆ ಚೆನ್ನಾಗಿ ಬರುತ್ತೆ. ಅಡುಗೆ ಬ್ಲಾಗ್ ಮಾಡಿ ಜಾಹೀರಾತಿನಿಂದ ತಿಂಗಳಿಗೆ ಹತ್ತು ಸಾವಿರ ದುಡಿಯಬಹುದಾ?

ಉತ್ತರ: ಅಕ್ಕ, ಜಾಹೀರಾತನ್ನೇ ನಂಬಿಕೊಂಡು ಶುರು ಮಾಡಬೇಡಿ. ನಮ್ಮ ಪುಟದಲ್ಲಿ ಜಾಹೀರಾತು ತೋರಿಸಿ ಅದರ ದುಡ್ಡಲ್ಲಿ ನಮಗೂ ಪಾಲು ಕೊಡುವ ಗೂಗಲ್‌ನ ಆ್ಯಡ್‌ಸೆನ್ಸ್ ಕನ್ನಡ ಬ್ಲಾಗಿಗೂ ಸಿಗುತ್ತದೆ, ಅದು ನಿಜ. ಆದರೆ ಕನ್ನಡದ ಪುಟಗಳಿಗೆ ಅಂತ ದುಡ್ಡು ಹಾಕುವ ಕಂಪನಿಗಳು ಇಂಗ್ಲಿಷಿಗಿಂತ ಕಡಿಮೆ. ಹಾಗಾಗಿ ಕೈಗೆ ಬರುವ ರೇಟೂ ಕಡಿಮೆ.

ಸುಮ್ನೆ ಲೆಕ್ಕಕ್ಕೆ ಅಂತ, ಸಾವಿರ ವ್ಯೂಸಿಗೆ 50 ರೂಪಾಯಿ ಹಿಡಿಯೋಣ. ಹತ್ತು ಸಾವಿರ ಆಗಬೇಕಾದರೆ ತಿಂಗಳಿಗೆ 2 ಲಕ್ಷ ವ್ಯೂಸ್ ಬೇಕು. ಹೊಸ ಬ್ಲಾಗಿಗೆ ಅಷ್ಟು ಜನ ಎಲ್ಲಿಂದ ಬರಬೇಕು?

ಈಗ ಇನ್ನೊಂದು ಲೆಕ್ಕ ಹಾಕಿ. ನೀವು ಶೇಂಗಾ ಚಟ್ನಿ ಪುಡಿ ಮಾಡಿ ಮಾರುತ್ತೀರಿ. ಶೇಂಗಾ, ಖಾರದಪುಡಿ, ಗ್ಯಾಸ್, ಪ್ಯಾಕೆಟ್, ಕೊರಿಯರ್ ಎಲ್ಲ ಕಳೆದು ಕೆ.ಜಿ.ಗೆ 100 ರೂಪಾಯಿ ಉಳಿಯಿತು ಅಂತಿಟ್ಟುಕೊಳ್ಳಿ. ಹತ್ತು ಸಾವಿರಕ್ಕೆ 100 ಕೆ.ಜಿ. ಹೋಗಬೇಕು. ಅರ್ಧ ಕೆ.ಜಿ. ಪ್ಯಾಕೆಟ್ ಆದರೆ 200 ಪ್ಯಾಕೆಟ್. ಅದೂ ಸುಲಭ ಅಲ್ಲ. ಆದರೆ 200 ಗಿರಾಕಿಗಳನ್ನು ಹುಡುಕೋದು 2 ಲಕ್ಷ ಓದುಗರನ್ನು ಹುಡುಕೋದಕ್ಕಿಂತ ಸಲೀಸು. ರುಚಿ ಹಿಡಿಸಿದವರು ಮುಂದಿನ ತಿಂಗಳು ಮತ್ತೆ ತರಿಸುತ್ತಾರೆ. ಜಾಹೀರಾತು ನೋಡಿ ಹೋದವರು ಮತ್ತೆ ಬರುತ್ತಾರೆ ಅಂತ ಏನೂ ಇಲ್ಲ.

ಅದಕ್ಕೇ ನನ್ನ ಹತ್ತಿರ ಬರುವವರಿಗೆಲ್ಲ ಒಂದೇ ಮಾತು ಹೇಳುತ್ತೇನೆ. ಏನು ಮಾರುತ್ತೀರಿ ಅಂತ ಮೊದಲು ತೀರ್ಮಾನ ಮಾಡಿ, ಬರೆಯೋದು ಆಮೇಲೆ. ಮಾರೋದು ಪುಡಿಯೇ ಆಗಬೇಕಿಲ್ಲ. ಆನ್‌ಲೈನ್ ಟ್ಯೂಷನ್, ಬ್ಲೌಸ್ ಕಟಿಂಗ್ ಕ್ಲಾಸ್, ಅನುವಾದ, ಜಾತಕ ಬರೆಯೋದು, ಯಾವುದಾದರೂ ಸರಿ. ಅದನ್ನು ಕೊಳ್ಳುವ ಜನ ನಿಮ್ಮನ್ನು ಹುಡುಕಿಕೊಂಡು ಬರೋ ಹಾಗೆ ಮಾಡೋದು ಬ್ಲಾಗಿನ ಕೆಲಸ. ಜಾಹೀರಾತಿನ ದುಡ್ಡು ಬಂದರೆ ಬರಲಿ, ಮೊಬೈಲ್ ರೀಚಾರ್ಜಿಗೆ ಆಯಿತು.

ಅದೇ ಅಕ್ಕ: ಹಂಗಾದ್ರೆ ಏನು ಬರೀಲಿ? ಬೆಣ್ಣೆ ದೋಸೆ ಬಗ್ಗೆ ಬರೆಯೋಣ ಅಂತಿದ್ದೆ.

ಉತ್ತರ: ‘ದಾವಣಗೆರೆ ಬೆಣ್ಣೆ ದೋಸೆ ಮಾಡುವ ವಿಧಾನ’ ಅಂತ ಗೂಗಲ್ ಮಾಡಿ ನೋಡಿ. ಸಾಲುಗಟ್ಟಿ ನಿಂತಿದ್ದಾರೆ. ಮೊದಲ ದಿನವೇ ಹಳೇ ಪೈಲ್ವಾನರ ಜೊತೆ ಅಖಾಡಕ್ಕೆ ಇಳಿದ ಹಾಗಾಗುತ್ತದೆ.

ಅದೇ ವಿಷಯದ ಒಳಗೆ ಇನ್ನೂ ಸಣ್ಣದಕ್ಕೆ ಹೋಗಿ. ಹಿಟ್ಟಿಗೆ ಅಕ್ಕಿ ಇಷ್ಟಾದರೆ ಮಂಡಕ್ಕಿ ಎಷ್ಟು? ಮಂಡಕ್ಕಿ ಸಿಗದ ಊರಲ್ಲಿ ಏನು ಹಾಕೋದು? ಬೆಂಗಳೂರಿನ ಚಳಿಗೆ ಹಿಟ್ಟು ಉಬ್ಬದಿದ್ದರೆ? ಮನೆಯ ಗ್ಯಾಸ್ ಒಲೆ ಮೇಲೆ ಹೋಟೆಲಿನ ಬಣ್ಣ ಯಾಕೆ ಬರಲ್ಲ? ಇಂಥದನ್ನು ಹುಡುಕುವವರು ಸಂಖ್ಯೆಯಲ್ಲಿ ಕಡಿಮೆ. ಆದರೆ ಅವರಿಗೆ ಉತ್ತರ ಕೊಡುವವರು ಇನ್ನೂ ಕಡಿಮೆ.

ಪ್ರಶ್ನೆ ಹುಡುಕೋಕೆ ದುಡ್ಡಿನ ಸಾಫ್ಟ್‌ವೇರ್ ಏನೂ ಬೇಡ. ಗೂಗಲ್‌ನಲ್ಲಿ ‘ಕಡಕ್ ರೊಟ್ಟಿ’ ಅಂತ ಬರೆದು ಒಂದು ಸ್ಪೇಸ್ ಬಿಡಿ, ಕೆಳಗೆ ಏನು ತೋರಿಸುತ್ತದೆ ನೋಡಿ. ಜನ ನಿಜವಾಗಿ ಹುಡುಕುವ ಮಾತುಗಳು ಅವು. ಬೇರೆ ಊರಲ್ಲಿರುವ ನಿಮ್ಮ ನಾದಿನಿ, ತಂಗಿ ಫೋನು ಮಾಡಿ ಏನು ಕೇಳುತ್ತಾರೋ ಅದನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಹಂಗೇ ಅವರು ಕೇಳುವ ಮಾತಿನಲ್ಲೇ ಬರೆದಿಡಿ. ತಲೆಬರಹ ಅಲ್ಲೇ ಸಿಗುತ್ತದೆ.

ನಿಮ್ಮ ಚಟ್ನಿ ಪುಡಿ ಯಾರು ಕೊಳ್ಳುತ್ತಾರೆ ಅಂತಲೂ ಯೋಚಿಸಿ. ದಾವಣಗೆರೆಯಲ್ಲಿ ಇರುವವರಿಗೆ ಅದು ಓಣಿ ಅಂಗಡಿಯಲ್ಲೇ ಸಿಗುತ್ತದೆ. ಊರು ಬಿಟ್ಟು ಬೆಂಗಳೂರಿಗೆ ಹೋದವರಿಗೆ ಬೇಕು. ಅವರಿಗೆ ಅಂತಲೇ ಬರೆಯಿರಿ. ಪ್ರತಿ ಪೋಸ್ಟಿನ ಕೊನೆಗೆ ವಾಟ್ಸ್ಆ್ಯಪ್ ಬಿಸಿನೆಸ್‌ನ ಲಿಂಕ್ ಒಂದು ಇರಲಿ. ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಅಂತ ಇದೆ. ಫೋಟೋ, ರೇಟು ಎಲ್ಲ ಅದರಲ್ಲಿ ಹಾಕಿಡಬಹುದು. ಆರ್ಡರ್ ಅಲ್ಲಿ, ದುಡ್ಡು ಯುಪಿಐನಲ್ಲಿ. ಅಂಗಡಿ ಇರುವ ದೊಡ್ಡ ವೆಬ್‌ಸೈಟ್ ಈಗಲೇ ಮಾಡಿಸಬೇಡಿ. ಮಾಡಿಕೊಡುವವಳೇ ಹೇಳುತ್ತಿದ್ದೇನೆ, ನಂಬಿ.

ಪ್ರಶ್ನೆ (ಹೊಳಲ್ಕೆರೆ): ಈಗ ಯಾರ್ರೀ ಬ್ಲಾಗ್ ಓದ್ತಾರೆ? ಎಲ್ಲಾ ರೀಲ್ಸ್.

ಉತ್ತರ: ಕಾಲಕ್ಷೇಪಕ್ಕೆ ಯಾರೂ ಓದಲ್ಲ, ಒಪ್ಪಿದೆ. ಆದರೆ ಏನಾದರೂ ತಿಳಿಯಬೇಕಾದಾಗ, ಕೊಳ್ಳಬೇಕಾದಾಗ ಜನ ಹುಡುಕುತ್ತಾರೆ, ಆಗ ಸಿಕ್ಕ ಪುಟ ಓದುತ್ತಾರೆ. ರೀಲ್ ಒಂದೆರಡು ದಿನ ಓಡಿ ಕೆಳಗೆ ಹೋಗುತ್ತದೆ. ಸರಿಯಾಗಿ ಬರೆದ ಪೋಸ್ಟ್ ಮುಂದಿನ ವರ್ಷವೂ ಹುಡುಕಾಟದಲ್ಲಿ ಸಿಗಬಹುದು. ಇನ್ನೊಂದು ವಿಷಯ ಮುಚ್ಚಿಡಲ್ಲ. ಈಗ ಗೂಗಲ್ ಎಷ್ಟೋ ಪ್ರಶ್ನೆಗಳಿಗೆ ಮೇಲೆಯೇ ಎಐ ಉತ್ತರ ತೋರಿಸಿಬಿಡುತ್ತದೆ. ಕೆಳಗಿನ ಲಿಂಕ್ ಒತ್ತುವವರು ಕಡಿಮೆಯಾಗುತ್ತಾರೆ. ವ್ಯೂಸ್ ಲೆಕ್ಕದ ಜಾಹೀರಾತು ನಂಬಬೇಡಿ ಅಂದದ್ದು ಇದಕ್ಕೂ ಸೇರಿ. ಚಟ್ನಿ ಪುಡಿ ಬೇಕಾದವರು ಮಾತ್ರ ಉತ್ತರ ಓದಿ ಸುಮ್ಮನಾಗಲ್ಲ, ಪುಡಿ ತರಿಸಲೇಬೇಕು.

ಪ್ರಶ್ನೆ (ಚಿತ್ರದುರ್ಗ): ನಾನು ಡಿಟಿಪಿ ಮಾಡ್ತೀನಿ. ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿ ಬಗ್ಗೆ ಪ್ರವಾಸಿಗಳಿಗೆ ಅನುಕೂಲ ಆಗೋ ಹಾಗೆ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಟ್ಟಿದ್ದೀನಿ. ಬ್ಲಾಗಿಗೆ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಏನೇನೋ ಬರುತ್ತೆ. ಸಮಸ್ಯೆ ಎಲ್ಲಿ?

ಉತ್ತರ: ಸರ್, ನೀವು ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದೀರಿ. ಡಿಟಿಪಿ ಮಾಡುವವರು ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಲ್ಲಿ ಹಳೇ ರೀತಿಯಲ್ಲಿ ಮಾಡಿದ್ದರೆ ಹೀಗೇ ಆಗೋದು. ಅದರ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳೇ. ಫಾಂಟು ಅದನ್ನು ಕನ್ನಡದ ಹಾಗೆ ತೋರಿಸುತ್ತದೆ ಅಷ್ಟೇ. ಆ ಫಾಂಟು ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ. ಓದುವವರಿಗೆ ಕಾಣಲ್ಲ, ಗೂಗಲ್‌ಗೂ ಅದು ಕನ್ನಡ ಅಂತ ಗೊತ್ತಾಗಲ್ಲ.

ಇಂಟರ್‌ನೆಟ್‌ಗೆ ಯೂನಿಕೋಡ್ ಬೇಕು, ಅಂದರೆ ಒಳಗೂ ಕನ್ನಡ ಅಕ್ಷರವೇ ಇರುವ ರೀತಿ. ಬರೆದದ್ದನ್ನು ಮತ್ತೆ ಟೈಪ್ ಮಾಡಬೇಕಿಲ್ಲ. ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒಂದು ಸಲ ಪೂರ್ತಿ ಓದಿ. ಅರ್ಕಾವತ್ತು, ಒತ್ತಕ್ಷರ, ಅಂಕಿಗಳ ಹತ್ತಿರ ತಪ್ಪು ಉಳಿಯೋದು ಜಾಸ್ತಿ. ಇನ್ನು ಮುಂದೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿಯ ಈಗಿನ ಆವೃತ್ತಿಗಳಲ್ಲೂ ಬರಹದಲ್ಲೂ ಆ ಆಯ್ಕೆ ಇದೆ. ನಿಮ್ಮ ಬೆರಳಿಗೆ ರೂಢಿಯಾದ ಕೀಲಿಮಣೆ ಬದಲಾಗಲ್ಲ. ಟೈಪಿಂಗ್ ಬೇಜಾರು ಅನ್ನುವವರು ಮೊಬೈಲಿನ ಜಿಬೋರ್ಡ್‌ನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೂ ಸಾಕು. ಪೂರ್ಣವಿರಾಮ ಮಾತ್ರ ಆಮೇಲೆ ಹಾಕಿಕೊಳ್ಳಬೇಕು.

ಇನ್ನೊಂದು ಕಿರಿಕಿರಿ ಮೊದಲೇ ಹೇಳಿಬಿಡುತ್ತೇನೆ. ಬ್ಲಾಗ್ ಮಾಡೋಕೆ ಗೂಗಲ್ ಕೊಡುವ ಬ್ಲಾಗರ್‌ನಲ್ಲಿ ತಲೆಬರಹ ಪೂರ್ತಿ ಕನ್ನಡದಲ್ಲಿ ಇದ್ದರೆ ಪೋಸ್ಟಿನ ವಿಳಾಸ ‘ಬ್ಲಾಗ್-ಪೋಸ್ಟ್’ ಅಂತ ಬರುತ್ತದೆ, ಮುಂದೆ ಒಂದು ನಂಬರ್ ಅಂಟಿಕೊಳ್ಳುತ್ತದೆ. ಯಾವ ಪೋಸ್ಟ್ ಯಾವುದು ಅಂತ ನಿಮಗೇ ಗೊತ್ತಾಗಲ್ಲ. ಪಬ್ಲಿಷ್ ಒತ್ತುವ ಮೊದಲು ಬಲಗಡೆ ಪರ್ಮಾಲಿಂಕ್ ಅನ್ನೋದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಊರು, ವಿಷಯ ಎರಡು ಮೂರು ಪದ ಬರೆಯಿರಿ.

ವಿಷಯ ಒಳ್ಳೇದು ಆರಿಸಿದ್ದೀರಿ. ಆದರೆ ಒನಕೆ ಓಬವ್ವನ ಕಥೆ ಎಲ್ಲರೂ ಬರೆದಿದ್ದಾರೆ. ವಯಸ್ಸಾದವರು ಕೋಟೆಯಲ್ಲಿ ಎಲ್ಲಿಯವರೆಗೆ ಹತ್ತಬಹುದು, ಬಿಸಿಲಿಗೆ ಮೊದಲು ಎಷ್ಟು ಹೊತ್ತಿಗೆ ಹೋಗಬೇಕು, ಅದೇ ದಿನ ವಾಣಿವಿಲಾಸ ಸಾಗರ ನೋಡಿ ಬರೋಕೆ ಆಗುತ್ತಾ, ಇಂಥದ್ದು ಬರೆಯಿರಿ. ಮಾರೋಕೆ ಏನಿದೆ ಅಂತ ಕೇಳಬೇಡಿ. ಒಂದು ದಿನದ ಪ್ರವಾಸಕ್ಕೆ ಕಾರು, ಊಟ ಹೊಂದಿಸಿಕೊಟ್ಟರೆ ಅದೇ ವ್ಯಾಪಾರ.

ಪ್ರಶ್ನೆ (ಹರಿಹರ): ಬ್ಲಾಗರ್ ಸಾಕಾ, ವರ್ಡ್‌ಪ್ರೆಸ್ ಬೇಕಾ? ಖರ್ಚು ಎಷ್ಟು?

ಉತ್ತರ: ಶುರುವಿಗೆ ಬ್ಲಾಗರ್ ಸಾಕು. ಗೂಗಲ್‌ದು, ಪುಕ್ಕಟೆ, ಹೋಸ್ಟಿಂಗ್ ಖರ್ಚಿಲ್ಲ. ವರ್ಡ್‌ಪ್ರೆಸ್ ಸಾಫ್ಟ್‌ವೇರ್ ಕೂಡ ಪುಕ್ಕಟೆಯೇ. ಆದರೆ ಅದಕ್ಕೆ ಹೋಸ್ಟಿಂಗ್ ಬಾಡಿಗೆ, ಅಂದರೆ ಬ್ಲಾಗ್ ಇಡುವ ಜಾಗದ ಬಾಡಿಗೆ ಕಟ್ಟಬೇಕು, ಅಪ್‌ಡೇಟ್, ಬ್ಯಾಕಪ್ ನೋಡಿಕೊಳ್ಳಬೇಕು. ಆ ಹೊತ್ತಲ್ಲಿ ಇನ್ನೆರಡು ಪೋಸ್ಟ್ ಬರೆಯಬಹುದು.

ಖರ್ಚು ಮಾಡಲೇಬೇಕಾದ್ದು ಡೊಮೇನ್‌ಗೆ, ಅಂದರೆ ನಿಮ್ಮ ಸ್ವಂತ ಹೆಸರಿನ ವಿಳಾಸಕ್ಕೆ. ಮೊದಲ ವರ್ಷದ ಆಫರ್ ರೇಟು ನೋಡಿ ಮರುಳಾಗಬೇಡಿ. ಎರಡನೇ ವರ್ಷದ ರಿನ್ಯೂವಲ್ ಎಷ್ಟು ಅಂತ ನೋಡಿ. ಡೊಮೇನ್ ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಮೊಬೈಲ್ ನಂಬರಿನಲ್ಲೇ ಇರಬೇಕು. ಮಾಡಿಕೊಟ್ಟ ಹುಡುಗನ ಇಮೇಲ್‌ನಲ್ಲಿ ಡೊಮೇನ್ ಇತ್ತು, ಅವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋದ, ಈಗ ಫೋನ್ ಎತ್ತಲ್ಲ ಅಂತ ಬರುವವರು ಬೇಕಾದಷ್ಟು ಜನ.

ಬ್ಲಾಗ್ ರೆಡಿ ಆದ ಮೇಲೆ ಗೂಗಲ್ ಸರ್ಚ್ ಕನ್ಸೋಲ್‌ಗೆ ಸೇರಿಸಿ. ಅದೂ ಪುಕ್ಕಟೆ. ಯಾವ ಮಾತು ಹುಡುಕಿ ಜನ ನಿಮ್ಮ ಪುಟಕ್ಕೆ ಬಂದರು ಅಂತ ತೋರಿಸುತ್ತದೆ. ಎರಡು ಮೂರು ತಿಂಗಳಾದ ಮೇಲೆ ಮುಂದೆ ಏನು ಬರೆಯಬೇಕು ಅನ್ನೋದು ಅದರಲ್ಲೇ ಸಿಗುತ್ತದೆ.

ಪ್ರಶ್ನೆ (ಕೆ.ಟಿ.ಜೆ. ನಗರ): ಅಕ್ಕ, ಒಬ್ಬರು 20 ಸಾವಿರಕ್ಕೆ ಬ್ಲಾಗಿಂಗ್ ಕೋರ್ಸ್ ಇದೆ, ಮೂರು ತಿಂಗಳಲ್ಲಿ ಆದಾಯ ಗ್ಯಾರಂಟಿ ಅಂತಿದಾರೆ. ಸೇರಲಾ?

ಉತ್ತರ: ಬೇಡ ತಮ್ಮ. ಆದಾಯಕ್ಕೆ ಗ್ಯಾರಂಟಿ ಕೊಡೋಕೆ ಯಾರಿಗೂ ಆಗಲ್ಲ. ಅಂಥವರಿಗೆ ಒಂದು ಪ್ರಶ್ನೆ ಕೇಳಿ: ‘ನಿಮ್ಮ ದುಡಿಮೆ ಬ್ಲಾಗಿನಿಂದಲಾ, ಕೋರ್ಸಿನ ಫೀಸಿನಿಂದಲಾ?’ ಕಲಿಯೋದೆಲ್ಲ ಪುಕ್ಕಟೆ ಸಿಗುತ್ತದೆ. ಇನ್ನು, ‘ಮನೆಯಿಂದ ಕೆಲಸ, ಲಿಂಕ್ ಲೈಕ್ ಮಾಡಿ, ಮೊದಲು ಸ್ವಲ್ಪ ಡೆಪಾಸಿಟ್ ಕಟ್ಟಿ’ ಅಂತ ಟೆಲಿಗ್ರಾಂನಲ್ಲಿ ಬರೋದು ಬ್ಲಾಗಿಂಗೇ ಅಲ್ಲ, ನೇರ ಮೋಸ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ (ಬಿ.ಇ. ವಿದ್ಯಾರ್ಥಿ): ಎಐನಿಂದ ದಿನಕ್ಕೆ 20 ಪೋಸ್ಟ್ ಹಾಕಿದರೆ ಬೇಗ ಬೆಳೆಯಲ್ವಾ?

ಉತ್ತರ: ಬೇಗ ಕಾಣೆಯಾಗುತ್ತದೆ. ಹುಡುಕಾಟದಲ್ಲಿ ಮೇಲೆ ಬರಲಿ ಅಂತ ಮಾತ್ರ ರಾಶಿಗಟ್ಟಲೆ ಪುಟ ಮಾಡಿ ಹಾಕೋದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ನಿಯಮಕ್ಕೆ ಸೇರಿಸಿತು. ಯಂತ್ರ ಬರೆಯಲಿ, ಮನುಷ್ಯ ಬರೆಯಲಿ, ಅದಕ್ಕೆ ಒಂದೇ ನಿಯಮ. ಎಐ ಕೈಲಿ ಕಾಗುಣಿತ ತಿದ್ದಿಸಿ, ತಲೆಬರಹ ಕೇಳಿ, ತೊಂದರೆ ಇಲ್ಲ. ಆದರೆ ನಮ್ಮ ಕಡೆಯ ಊಟ, ಊರು, ಬೆಳೆ ಬಗ್ಗೆ ಅದು ಬರೆದದ್ದನ್ನು ಕಣ್ಣುಮುಚ್ಚಿ ಹಾಕಬೇಡಿ. ಗೊತ್ತಿಲ್ಲದ್ದನ್ನೂ ಗೊತ್ತಿರೋ ಹಾಗೇ ಬರೆಯುತ್ತದೆ.

ಪ್ರಶ್ನೆ (ಮೊಳಕಾಲ್ಮೂರು): ಮನೇಲಿ ಮಗ್ಗ ಇದೆ ಮೇಡಂ. ಸೀರೆ ಇಲ್ಲಿಯ ವ್ಯಾಪಾರಿಗೆ ಕೊಡ್ತೀವಿ, ಅವರು ಹೇಳಿದ ರೇಟು. ಬ್ಲಾಗ್ ಮಾಡಿದರೆ ನೇರ ಮಾರಬಹುದಾ? ಬರೆಯೋಕೆ ಮಗಳು ಇದ್ದಾಳೆ.

ಉತ್ತರ: ಈ ಗುಂಪಿನಲ್ಲಿ ಬ್ಲಾಗಿನಿಂದ ಎಲ್ಲರಿಗಿಂತ ಜಾಸ್ತಿ ಅನುಕೂಲ ಆಗೋದು ನಿಮಗೇ ಇರಬೇಕು. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಜಿಐ ಮಾನ್ಯತೆ ಇದೆ, ಅಂದರೆ ಆ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು. ಹೆಸರು ಕೇಳಿದವರು ಇದ್ದಾರೆ, ಆದರೆ ಅಸಲಿ ಯಾವುದು ಅಂತ ಗುರುತಿಸೋಕೆ ಬರಲ್ಲ. ಅದನ್ನೇ ಮಗಳು ಬರೆಯಲಿ. ಕೈಮಗ್ಗದ ಸೀರೆಯ ಹಿಂಭಾಗ ಹೇಗಿರುತ್ತದೆ, ಪವರ್‌ಲೂಮ್‌ದು ಹೇಗಿರುತ್ತದೆ. ಸೆರಗನ್ನು ಒಡಲಿಗೆ ಹೇಗೆ ಸೇರಿಸುತ್ತೀರಿ. ಅಂಚಿಗೆ ಬೇರೆ ಲಾಳಿ ಯಾಕೆ. ಒಂದು ಸೀರೆಗೆ ಎಷ್ಟು ದಿನ ಕೂರಬೇಕು. ಒಗೆಯೋದು, ಮಡಚಿ ಇಡೋದು ಹೇಗೆ. ನಿಮಗೆ ಇದೆಲ್ಲ ದಿನಾ ನೋಡುವ ಕೆಲಸ. 15 ಸಾವಿರ ಕೊಟ್ಟು ಸೀರೆ ಕೊಳ್ಳುವವರಿಗೆ ಇದು ತಿಳಿಯಬೇಕು.

ಫೋಟೋಗೆ ಸ್ಟುಡಿಯೋ ಬೇಡ. ಬೆಳಗ್ಗೆ ಕಿಟಕಿ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಮಗ್ಗದ ಮೇಲೆ ಇರುವಾಗಲೇ ತೆಗೆಯಿರಿ. ಬಣ್ಣ ಫೋಟೋದಲ್ಲಿ ಬೇರೆ ಕಂಡರೆ ಸೀರೆ ವಾಪಸ್ ಬರುತ್ತದೆ. ದುಡ್ಡು ಕಟ್ಟಿಸಿಕೊಳ್ಳುವ ಮೊದಲು ವಿಡಿಯೋ ಕಾಲ್‌ನಲ್ಲಿ ತೋರಿಸಿಬಿಡಿ. ವಾಪಸ್ ತಗೊಳ್ಳುತ್ತೀರಾ ಇಲ್ಲವಾ, ಎಷ್ಟು ದಿನದ ಒಳಗೆ, ಅದು ಬ್ಲಾಗಿನಲ್ಲೇ ಬರೆದಿರಲಿ. ಅಸಲಿ ರೇಷ್ಮೆ ಅಂತ ಗುರುತಿಸುವ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಚೀಟಿ ಸಿಕ್ಕರೆ ಹೊಸಬರಿಗೆ ಧೈರ್ಯ ಬರುತ್ತದೆ. ಅದರ ಬಗ್ಗೆ ವಿಚಾರಿಸಿ.

ಆದರೆ ವ್ಯಾಪಾರಿಯನ್ನು ಒಮ್ಮೆಲೇ ಬಿಡಬೇಡಿ. ಬ್ಲಾಗಿನಿಂದ ಮೊದಲ ಗಿರಾಕಿ ಬರೋಕೆ ಆರು ತಿಂಗಳೂ ಆಗಬಹುದು. ಅಲ್ಲಿಯವರೆಗೆ ಮನೆ ನಡೀಬೇಕಲ್ವಾ? ಒಂದೆರಡು ಸೀರೆ ಮಾತ್ರ ನೇರ ಮಾರೋಕೆ ಅಂತ ತೆಗೆದಿಡಿ.

ಪ್ರಶ್ನೆ (ವಿದ್ಯಾನಗರ): ಲೈಸೆನ್ಸ್, ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಏನೇನು ಬೇಕು? ಹೆದರಿಕೆ ಆಗುತ್ತೆ.

ಉತ್ತರ: ಬರೀ ಬರೆಯೋದಕ್ಕೆ ಲೈಸೆನ್ಸ್ ಬೇಡ. ತಿನ್ನುವ ಪದಾರ್ಥ ಮಾರಿದರೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ರಿಜಿಸ್ಟ್ರೇಷನ್ ಬೇಕೇ ಬೇಕು, ಮನೆಯಲ್ಲೇ ಮಾಡಿದರೂ. ಆನ್‌ಲೈನ್‌ನಲ್ಲಿ ಅವರದೇ ಫಾಸ್ಕಾಸ್ ಪೋರ್ಟಲ್‌ನಲ್ಲಿ ಮಾಡಬಹುದು. 14 ಅಂಕಿಯ ನಂಬರ್ ಬರುತ್ತದೆ, ಪ್ಯಾಕೆಟ್ ಮೇಲೆ ಹಾಕಬೇಕು. ಜೊತೆಗೆ ತೂಕ, ಬೆಲೆ, ತಯಾರಾದ ದಿನ, ನಿಮ್ಮ ವಿಳಾಸ.

ಜಿಎಸ್‌ಟಿ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಕರ್ನಾಟಕದ ಒಳಗೆ ಸಾಮಾನು ಮಾರಿದರೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ನೋಂದಣಿ ಕಡ್ಡಾಯ ಅಲ್ಲ. ಟ್ಯೂಷನ್, ಅನುವಾದದಂಥ ಸೇವೆಗೆ ಮಿತಿ 20 ಲಕ್ಷ. ಆದರೆ ಸಾಮಾನು ಬೇರೆ ರಾಜ್ಯಕ್ಕೆ ಹೋದರೆ ಈ 40 ಲಕ್ಷದ ಮಿತಿ ನಡೆಯಲ್ಲ. ಪುಣೆಯಲ್ಲಿರುವ ನಮ್ಮೂರವರು ಚಟ್ನಿ ಪುಡಿ ಕೇಳಿದರು ಅಂತ ಸುಮ್ನೆ ಕಳಿಸಬೇಡಿ, ಮೊದಲು ನೋಂದಣಿ. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ. ಸೀರೆಯವರು ಅದನ್ನು ಅಕೌಂಟೆಂಟ್ ಹತ್ತಿರ ಕೇಳಿ.

ಇನ್‌ಕಮ್ ಟ್ಯಾಕ್ಸ್: ಜಾಹೀರಾತು, ಕಮಿಷನ್, ಮಾರಾಟದ ಲಾಭ ಎಲ್ಲವೂ ಆದಾಯವೇ. 2025–26ರ ಲೆಕ್ಕದಲ್ಲಿ ಹೊಸ ಪದ್ಧತಿಯಲ್ಲಿ ಇಂಥ ಆದಾಯ 12 ಲಕ್ಷದವರೆಗೆ ಇದ್ದರೆ ಟ್ಯಾಕ್ಸ್ ಬೀಳಲ್ಲ. ಆದರೆ 4 ಲಕ್ಷ ದಾಟಿದರೆ ರಿಟರ್ನ್ ಹಾಕಬೇಕು. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಇಟ್ಟುಕೊಳ್ಳಿ. ಮನೆ ಖರ್ಚಿನ ಜೊತೆ ಕಲಸಿದರೆ ವರ್ಷದ ಕೊನೆಗೆ ಯಾವುದು ಲಾಭ ಅಂತ ನಿಮಗೇ ತಿಳಿಯಲ್ಲ.

ಸಣ್ಣ ಉದ್ಯಮದವರಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಪೂರ್ತಿ ಪುಕ್ಕಟೆ, ಆಧಾರ್, ಪ್ಯಾನ್ ಇದ್ದರೆ ಸಾಕು. ಅದಕ್ಕೆ ಎರಡು ಸಾವಿರ ಕೇಳುವ ವೆಬ್‌ಸೈಟುಗಳಿವೆ, ನೋಡಲು ಸರ್ಕಾರದ್ದೇ ಅನ್ನೋ ಹಾಗಿರುತ್ತವೆ. ದುಡ್ಡು ಕೇಳಿತು ಅಂದರೆ ಸರ್ಕಾರದ್ದಲ್ಲ.

ಪ್ರಶ್ನೆ (ಸರ್ಕಾರಿ ಶಾಲೆ ಶಿಕ್ಷಕರು, ಚನ್ನಗಿರಿ): ನಾನು ಮಾಡಬಹುದಾ?

ಉತ್ತರ: ಸರ್, ಸರ್ಕಾರಿ ನೌಕರರ ನಡತೆ ನಿಯಮ ಇದೆ. ಅನುಮತಿ ಇಲ್ಲದೆ ವ್ಯಾಪಾರ ಮಾಡೋ ಹಾಗಿಲ್ಲ. ಜಾಹೀರಾತು ಹಾಕುವ ಮೊದಲು ಮೇಲಧಿಕಾರಿಗೆ ಬರೆದು ಕೇಳಿ. ಮನೆಯವರ ಹೆಸರಲ್ಲಿ ಮಾಡಿದರೆ ಮುಗೀತು ಅಂದುಕೊಳ್ಳಬೇಡಿ, ಅದನ್ನೂ ಕೇಳಿಕೊಳ್ಳಿ.

ಪ್ರಶ್ನೆ (ಚಳ್ಳಕೆರೆ): ಅಫಿಲಿಯೇಟ್ ಲಿಂಕ್ ಹಾಕಿ ಕಮಿಷನ್ ತಗೊಳ್ಳೋದು ಹೇಗೆ? ಸ್ಪ್ರೇಯರ್, ಟಾರ್ಪಾಲಿನ್ ಬಗ್ಗೆ ಬರೆಯಬೇಕು ಅಂತಿದೀನಿ. ನಮ್ಮದು ಶೇಂಗಾ ಹೊಲ.

ಉತ್ತರ: ಹೊಲ ಇರೋದರಿಂದ ನೀವು ಬರೆದರೆ ತೂಕ ಇರುತ್ತದೆ. ಅಮೆಜಾನ್‌ನಂಥವರ ಅಫಿಲಿಯೇಟ್‌ಗೆ ಸೇರಿ, ಕೊಟ್ಟ ಲಿಂಕ್ ಹಾಕಿ, ಯಾರಾದರೂ ಕೊಂಡರೆ ಸಣ್ಣ ಕಮಿಷನ್. ಅಮೆಜಾನ್‌ನಲ್ಲಿ ಸೇರಿದ 180 ದಿನದೊಳಗೆ ಮೂರು ಮಾರಾಟ ಆಗದಿದ್ದರೆ ಖಾತೆ ಮುಚ್ಚುತ್ತಾರೆ. ಹಾಗಾಗಿ ಹತ್ತು ಹದಿನೈದು ಪೋಸ್ಟ್ ಬರೆದು, ಜನ ಬರೋಕೆ ಶುರು ಆದ ಮೇಲೆ ಸೇರಿ.

‘ಈ ಲಿಂಕ್‌ನಿಂದ ಕೊಂಡರೆ ನನಗೆ ಕಮಿಷನ್ ಬರುತ್ತೆ’ ಅಂತ ಪೋಸ್ಟಿನ ಮೇಲ್ಗಡೆಯೇ ಬರೆಯಿರಿ. ದುಡ್ಡು ಪಡೆದು ಹೊಗಳೋದನ್ನು ಮುಚ್ಚಿಟ್ಟರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ 10 ಲಕ್ಷದವರೆಗೆ ದಂಡ ಹಾಕಬಹುದು. ಕಾಯ್ದೆ ಬಿಡಿ, ಸ್ಪ್ರೇಯರ್ ಎರಡೇ ತಿಂಗಳಿಗೆ ಸೋರಿದರೆ ನಿಮ್ಮೂರಿನವರೇ ಮನೆ ಬಾಗಿಲಿಗೆ ಬರುತ್ತಾರೆ. ಬಳಸಿದ್ದನ್ನು ಮಾತ್ರ ಬರೆಯಿರಿ. ನಿಮ್ಮದೇ ಹೊಲದಲ್ಲಿ ತೆಗೆದ ಫೋಟೋ ಹಾಕಿ, ಗೂಗಲ್‌ನಿಂದ ಎತ್ತಿ ಹಾಕಬೇಡಿ. ಬೇರೆಯವರ ಫೋಟೋಗೆ ಕಾಪಿರೈಟ್ ಇರುತ್ತದೆ.

ಪ್ರಶ್ನೆ (ಎಂಸಿಸಿ ಬಿ ಬ್ಲಾಕ್): ನನ್ನ ಬ್ಲಾಗಿಗೆ ಆ್ಯಡ್‌ಸೆನ್ಸ್ ಸಿಕ್ಕಿ ವರ್ಷ ಆಯ್ತು. 34 ಡಾಲರ್ ತೋರಿಸುತ್ತೆ, ದುಡ್ಡು ಬಂದಿಲ್ಲ. ಮನೆಯವರು ನಗ್ತಾರೆ. ಪಿನ್ ಅಂತ ಏನೋ ಕೇಳ್ತಿದೆ.

ಉತ್ತರ: 100 ಡಾಲರ್ ಆಗೋವರೆಗೆ ಬ್ಯಾಂಕಿಗೆ ಹಾಕಲ್ಲ. ಅದು ನಿಯಮ, ನಿಮ್ಮ ತಪ್ಪಲ್ಲ. 10 ಡಾಲರ್ ಆದಾಗ ವಿಳಾಸ ಖಚಿತ ಮಾಡಿಕೊಳ್ಳೋಕೆ ಮಾಮೂಲಿ ಅಂಚೆಯಲ್ಲಿ ಪಿನ್, ಅಂದರೆ ಒಂದು ಗುಟ್ಟಿನ ನಂಬರ್ ಕಳಿಸುತ್ತಾರೆ. ರಿಜಿಸ್ಟರ್ಡ್ ಅಲ್ಲ, ಸಹಿ ಹಾಕಿಸಿಕೊಳ್ಳಲ್ಲ. ಕೆಳಗಿನ ಮನೆಯವರ ಕರೆಂಟ್ ಬಿಲ್ ಜೊತೆ ಸೇರಿ ಕಳೆದುಹೋಗೋ ಅಂಥ ಕಾಗದ. ಪಿನ್ ಹಾಕೋಕೆ ನಾಲ್ಕು ತಿಂಗಳು ಟೈಮ್. ದಾಟಿದರೆ ಜಾಹೀರಾತು ನಿಲ್ಲಿಸುತ್ತಾರೆ. ಮೊದಲು ಖಾತೆಯಲ್ಲಿ ವಿಳಾಸ ನೋಡಿ. ಮನೆ ನಂಬರ್, ಕ್ರಾಸ್, ಮೇನ್, ಪಿನ್‌ಕೋಡ್ ಸರಿ ಇದೆಯಾ? ಸರಿ ಮಾಡಿ ಹೊಸ ಪಿನ್‌ಗೆ ರಿಕ್ವೆಸ್ಟ್ ಹಾಕಿ. ನಿಮ್ಮ ಓಣಿಯ ಪೋಸ್ಟ್‌ಮ್ಯಾನ್‌ಗೂ ಒಂದು ಮಾತು ಹೇಳಿಡಿ. ಬೇಗ ನೂರು ಆಗಲಿ ಅಂತ ನಿಮ್ಮ ಜಾಹೀರಾತನ್ನು ನೀವೇ ಒತ್ತೋದು, ಮನೆಯವರ ಫೋನಿಂದ ಒತ್ತಿಸೋದು ಮಾಡಬೇಡಿ. ಖಾತೆಯನ್ನೇ ಬಂದ್ ಮಾಡುತ್ತಾರೆ.

ಅದೇ ಸದಸ್ಯರು: ವಿಳಾಸದಲ್ಲಿ ಹಳೇ ಬಾಡಿಗೆ ಮನೆ ಇದೆ ಮೇಡಂ!

ಉತ್ತರ: ಸಿಕ್ಕಿತಲ್ಲ ಕಾರಣ. ಈಗಲೇ ಬದಲಿಸಿ. ಬ್ಯಾಂಕ್ ಖಾತೆಯಲ್ಲಿರುವ ಹೆಸರೂ ಆ್ಯಡ್‌ಸೆನ್ಸ್ ಹೆಸರೂ ಒಂದೇ ಇದೆಯಾ ಅಂತ ಕೈಯೊಡನೆ ನೋಡಿಬಿಡಿ. ಮದುವೆಗೆ ಮೊದಲಿನ ಇನಿಷಿಯಲ್ ಇದ್ದರೆ ಅಲ್ಲೂ ತಡೆಯುತ್ತದೆ.